ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ ಇಲ್ಲದ ಅವ್ವನ ಬದುಕು: ಬರೆಯುವುದು ಹೇಗೆ?

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯವರು. ಅಪ್ಪ 1964ರಲ್ಲಿ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿ 1992ರಲ್ಲಿ ಸುಬೇದಾರರಾಗಿ ನಿವೃತ್ತರಾದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವ್ವ ಕಳೆದ ವರ್ಷ ಹೋದಳು. ನಾಲ್ವರು ಮಕ್ಕಳು ಸೇರಿ ಅವಳ ಬದುಕಿನ ಬಗ್ಗೆ ಪುಸ್ತಿಕೆ ಮಾಡಿ ಎರಡನೇ ಪುಣ್ಯತಿಥಿಗೆ ಹಂಚಬೇಕೆಂದಿದ್ದೇವೆ. ಆದರೆ ಬರೆಯಲು ಕೂತಾಗಲೆಲ್ಲ ಅದು ಅಪ್ಪನ ಕಥೆಯಾಗಿಬಿಡುತ್ತದೆ. ಟ್ರಂಕಿನಲ್ಲಿ ಅಪ್ಪ ಬರೆದ ಇನ್‌ಲ್ಯಾಂಡ್ ಪತ್ರಗಳು, ಫೋಟೊ, ಡಿಸ್ಚಾರ್ಜ್ ಬುಕ್ ಇವೆ. ಅವ್ವ ಬರೆದದ್ದು ಒಂದೂ ಇಲ್ಲ. 78 ವರ್ಷದ ಚಿಗವ್ವ ಇದ್ದಾಳೆ. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯಲ್ಲಿದ್ದ ಮಲಯಾಳಿ ತಾಯಿಯೊಬ್ಬರು ಕೊಲ್ಲಂನಲ್ಲಿದ್ದಾರೆ. ಎಲ್ಲಿಂದ ಶುರು ಮಾಡಬೇಕು? ಪತ್ರಗಳನ್ನು ಅಚ್ಚು ಹಾಕಿಸಬಹುದೇ?

ಉತ್ತರ: ನಿಮ್ಮ ಟ್ರಂಕಿನಲ್ಲಿರುವ ಸರ್ಕಾರಿ ಕಾಗದವೆಲ್ಲ ಸೈನ್ಯ ತನ್ನ ಕೆಲಸಕ್ಕಾಗಿ ಬರೆದಿಟ್ಟದ್ದು. ಸೈನಿಕ ಎಲ್ಲಿದ್ದ, ಯಾವ ದಿನ ಯಾವ ಹುದ್ದೆಗೇರಿದ ಎಂಬುದೆಲ್ಲ ಅದರಲ್ಲಿ ತಾರೀಕು ಸಮೇತ ಸಿಗುತ್ತದೆ. ಹೆಂಡತಿಯ ಪಾಲಿಗೆ ಬರುವುದು ನಾಲ್ಕು ಸಾಲು: ಹೆಸರು, ಮದುವೆಯಾದ ದಿನ, ಮಕ್ಕಳು ಹುಟ್ಟಿದ ದಿನ, ಕುಟುಂಬ ಪಿಂಚಣಿಯ ಹಕ್ಕು. ಅದನ್ನು ಹಿಡಿದು ಬರೆದರೆ ಪುಸ್ತಕ ಅಪ್ಪನದೇ ಆಗುವುದು ಸಹಜ. ಅಪ್ಪನ ದಾಖಲೆಯನ್ನು ಗಡಿಯಾರದಂತೆ ಇಟ್ಟುಕೊಳ್ಳಿ. ಅವರು ಯಾವ ಯಾವ ತಿಂಗಳು ಮನೆಯಲ್ಲಿ ಇರಲಿಲ್ಲ ಎಂಬುದನ್ನು ಅದರಿಂದ ತಿಳಿದುಕೊಂಡರೆ ಸಾಕು. ಜವಾನರಿಗೆ ವರ್ಷಕ್ಕೆ ಸಿಗುವುದು ಎರಡು ತಿಂಗಳ ವಾರ್ಷಿಕ ರಜೆ, ಬಿಡಿಬಿಡಿಯಾಗಿ ಒಂದು ತಿಂಗಳಷ್ಟು ಕ್ಯಾಶುವಲ್ ರಜೆ. ಫೀಲ್ಡ್ ಪೋಸ್ಟಿಂಗ್ (ಕುಟುಂಬವನ್ನು ಕರೆದೊಯ್ಯಲಾಗದ ಗಡಿಭಾಗದ ನೇಮಕ) ಇದ್ದ ವರ್ಷಗಳಲ್ಲಿ ಉಳಿದ ಒಂಬತ್ತು ತಿಂಗಳು ಹೊಲ, ಸಾಲ, ಮಕ್ಕಳ ಜ್ವರ, ಅತ್ತೆ-ಮಾವಂದಿರ ಆರೈಕೆ ಎಲ್ಲವೂ ನಿಮ್ಮವ್ವನ ಮೇಲಿದ್ದವು. ಪುಸ್ತಕದ ಹೆಚ್ಚಿನ ಪುಟಗಳು ಆ ಒಂಬತ್ತು ತಿಂಗಳುಗಳಿಗೆ ಸಲ್ಲಬೇಕು.

ಮೊದಲು ಚಿಗವ್ವ, ಆಮೇಲೆ ಕಾಗದ

ಕಾಗದ ಇನ್ನೊಂದು ವರ್ಷ ಕಾಯುತ್ತದೆ. 78ರ ಚಿಗವ್ವನ ನೆನಪನ್ನು ಕಾಯಿಸಬೇಡಿ. ಈ ತಿಂಗಳೇ ಹೋಗಿ. ಬೆಳಗಿನ ನಾಷ್ಟಾ ಮುಗಿದ ಮೇಲೆ ಕೂರಿ. ಒಂದು ಸಲಕ್ಕೆ ಒಂದರಿಂದ ಒಂದೂವರೆ ತಾಸು ಸಾಕು, ಅದಕ್ಕಿಂತ ಹೆಚ್ಚಾದರೆ ಆಯಾಸಕ್ಕೆ ಮಾತು ಹೌದು-ಅಲ್ಲಕ್ಕೆ ಇಳಿಯುತ್ತದೆ. ಎರಡನೇ ಸಲ ಹೋಗುವುದು ಮೊದಲ ಸಲಕ್ಕಿಂತ ಮುಖ್ಯ, ಏಕೆಂದರೆ ನೀವು ಹೋದ ಮೇಲೆ ರಾತ್ರಿ ಮಲಗಿದಾಗ ಅವರಿಗೆ ಇನ್ನಷ್ಟು ನೆನಪಾಗಿರುತ್ತದೆ.

ಮೊಬೈಲಿನಲ್ಲೇ ಧ್ವನಿಮುದ್ರಣ ಮಾಡಬಹುದು. ಏರೋಪ್ಲೇನ್ ಮೋಡಿಗೆ ಹಾಕಿ, ಅವರ ಬಾಯಿಯಿಂದ ಒಂದೂವರೆ ಅಡಿ ದೂರದಲ್ಲಿ, ಮಡಚಿದ ಟವೆಲ್ ಮೇಲೆ ಇಡಿ. ಬರಿಯ ಮೇಜಿನ ಮೇಲಿಟ್ಟರೆ ಬಟ್ಟಲು ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಫ್ಯಾನ್ ಆರಿಸಿ, ಅಡುಗೆಮನೆಯಿಂದ ದೂರದ ಕೋಣೆ ಆರಿಸಿಕೊಳ್ಳಿ, ಕುಕ್ಕರಿನ ಸೀಟಿಯನ್ನು ಆಮೇಲೆ ತೆಗೆಯಲು ಬರುವುದಿಲ್ಲ. ರೆಕಾರ್ಡರ್ ಆ್ಯಪಿನಲ್ಲಿ ವೇವ್ ಎಂಬ ಆಯ್ಕೆ ಇದ್ದರೆ 48 ಕಿಲೋಹರ್ಟ್ಸ್, 24 ಬಿಟ್, ಮೊನೊ ಇಟ್ಟುಕೊಳ್ಳಿ. ತಾಸಿಗೆ ಸುಮಾರು ಅರ್ಧ ಜಿಬಿ ಜಾಗ ಹಿಡಿಯುತ್ತದೆ. ಆರಂಭದಲ್ಲಿ ತಾರೀಕು, ಊರು, ಯಾರು ಯಾರು ಕೂತಿದ್ದೀರಿ ಎಂಬುದನ್ನು ನೀವೇ ಬಾಯಿಬಿಟ್ಟು ಹೇಳಿ. ಫೈಲಿನ ಹೆಸರು ಅಳಿಸಿಹೋದರೂ ಇದು ಉಳಿಯುತ್ತದೆ.

ಮನೆಯ ಗಂಡಸರನ್ನು ಆ ಹೊತ್ತು ಬೇರೆ ಕೆಲಸಕ್ಕೆ ಕಳಿಸಿ. ಒರಟುತನದ ಮಾತಾಗಿ ಕಂಡರೂ ಇದು ಬೇಕೇಬೇಕು. ಅಣ್ಣನೋ ಮಾವನೋ ಪಕ್ಕದಲ್ಲಿದ್ದರೆ ಚಿಗವ್ವ ಯುದ್ಧದ ಮಾತು, ಪದಕದ ಮಾತು ಆಡುತ್ತಾರೆ. ಇಲ್ಲದಿದ್ದರೆ ಹೆರಿಗೆಯ ಮಾತು, ದುಡ್ಡಿನ ಮಾತು, ಅತ್ತೆಯ ಮಾತು ಬರುತ್ತದೆ.

ಇನ್ನು ಪ್ರಶ್ನೆಗಳು. “ಅವ್ವ ಎಷ್ಟು ಕಷ್ಟಪಟ್ಟಳು ಹೇಳು” ಎಂದು ಕೇಳಿದರೆ “ಬಾಳ ಕಷ್ಟಪಟ್ಟಳವ್ವಾ” ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಕೈಯಿಂದ ಮಾಡಿದ ಕೆಲಸದ ಬಗ್ಗೆ ಕೇಳಿ. ಮನಿಯಾರ್ಡರ್ ಬಂದಾಗ ಟಪಾಲಿನವನ ಮುಂದೆ ಸಹಿ ಹಾಕುತ್ತಿದ್ದವರು ಯಾರು? ಆ ದುಡ್ಡು ಯಾರ ಕೈಯಲ್ಲಿ ಇರುತ್ತಿತ್ತು? ತಾರು ಬಂದರೆ ಓದಿ ಹೇಳಲು ಯಾರ ಮನೆಗೆ ಹೋಗುತ್ತಿದ್ದರು? ಅವ್ವನಿಗೆ ಬರೆಯಲು ಬಾರದಿದ್ದ ದಿನಗಳಲ್ಲಿ ಅಪ್ಪನಿಗೆ ಪತ್ರ ಬರೆದುಕೊಟ್ಟ ಹುಡುಗ ಯಾರು, ಅವನ ಮುಂದೆ ಯಾವ ಮಾತು ಹೇಳಲು ಆಗುತ್ತಿರಲಿಲ್ಲ? ಮೊದಲ ಸಲ ರೈಲು ಹತ್ತಿ ಅಪ್ಪನಿದ್ದಲ್ಲಿಗೆ ಹೋಗುವಾಗ ಜೊತೆಗೆ ಯಾರಿದ್ದರು, ಬುತ್ತಿಗೆ ಏನು ಕಟ್ಟಿದ್ದರು, ಹಿಂದಿ ಬಾರದೆ ನೀರು ಕೇಳಿದ್ದು ಹೇಗೆ? ಇವುಗಳಲ್ಲಿ ಹತ್ತಕ್ಕೆ ಆರು ಪ್ರಶ್ನೆಗೆ “ನೆನಪಿಲ್ಲ” ಎಂದರೂ ಉಳಿದ ನಾಲ್ಕರಲ್ಲಿ ನಿಮಗೆ ಒಂದು ಅಧ್ಯಾಯ ಸಿಗುತ್ತದೆ.

ಇಸವಿ ಕೇಳಬೇಡಿ. ಹಳ್ಳಿಯ ಹಿರಿಯ ಹೆಣ್ಣುಮಕ್ಕಳು ಇಸವಿಯಲ್ಲಿ ನೆನಪಿಡುವುದಿಲ್ಲ. ಅದು 1972ರ ಬರಗಾಲಕ್ಕೆ ಮುಂಚೆಯೋ ಆಮೇಲೆಯೋ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷವೋ, ಇಂದಿರಾಗಾಂಧಿ ಹತ್ಯೆಯಾದಾಗಲೋ, ಹಿರಿಯ ಮಗ ಶಾಲೆಗೆ ಸೇರಿದ ಮೇಲೋ ಎಂದು ಕೇಳಿ. ಬರಗಾಲ ಧಾರವಾಡ ಸೀಮೆಯವರಿಗೆ ಎಂದೂ ಮರೆಯುವಂಥದ್ದಲ್ಲ. ಆ ವರ್ಷ ನಿಮ್ಮಪ್ಪ ಎಲ್ಲಿದ್ದರು, ಕಾಳುಕಡಿ ಎಲ್ಲಿಂದ ಬಂತು, ಎತ್ತುಗಳನ್ನು ಏನು ಮಾಡಿದರು ಎಂಬ ಮೂರು ಪ್ರಶ್ನೆಗಳಿಂದಲೇ ನಿಮ್ಮವ್ವ ಎಂಥ ಗಟ್ಟಿಗಿತ್ತಿ ಎಂಬುದು ಗೊತ್ತಾಗುತ್ತದೆ.

ಕೊಲ್ಲಂನ ತಾಯಿಯ ಜೊತೆ ಮಾತು ಬಹುಶಃ ಹಿಂದಿಯಲ್ಲೇ ನಡೆಯಬೇಕಾಗುತ್ತದೆ, ಕ್ವಾರ್ಟರ್ಸಿನಲ್ಲಿ ಅವರಿಬ್ಬರೂ ಆಡಿದ್ದು ಅದೇ ಭಾಷೆ. ವಿಡಿಯೊ ಕಾಲ್ ಮಾಡಿ, ಹಳೆಯ ಫೋಟೊ ಮೊದಲೇ ವಾಟ್ಸ್‌ಆ್ಯಪಿನಲ್ಲಿ ಕಳಿಸಿ. ಊರಿನವರಿಗೆ ಗೊತ್ತಿಲ್ಲದ ನಿಮ್ಮವ್ವ ಅವರಿಗೆ ಗೊತ್ತು: ಫ್ಯಾಮಿಲಿ ವೆಲ್ಫೇರ್ ಸೆಂಟರಿನಲ್ಲಿ ಹೊಲಿಗೆ, ಹೆಣಿಕೆ ಕಲಿತವಳು, ಎಂ.ಐ. ರೂಮಿನ (ಯುನಿಟ್ಟಿನ ಚಿಕಿತ್ಸಾಲಯ) ಸಾಲಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತವಳು, ಕಮಾಂಡಿಂಗ್ ಆಫೀಸರರ (ಸಿ.ಓ.) ಮೇಮ್‌ಸಾಬ್ ಬಂದಾಗ ಸೀರೆಯ ನೆರಿಗೆ ಸರಿಮಾಡಿಕೊಂಡವಳು, ಜೋಳದ ರೊಟ್ಟಿಯ ಕೈಯನ್ನು ಗೋಧಿ ಚಪಾತಿಗೆ ಪಳಗಿಸಿಕೊಂಡವಳು. ಅವರಿಬ್ಬರ ಗಂಡಂದಿರೂ ಒಟ್ಟಿಗೆ ಫೀಲ್ಡಿಗೆ ಹೋಗಿದ್ದರೆ, ಆ ರಾತ್ರಿಗಳಲ್ಲಿ ಇಬ್ಬರ ಮಕ್ಕಳೂ ಒಂದೇ ಮನೆಯಲ್ಲಿ ಮಲಗುತ್ತಿದ್ದರೇ ಎಂದು ಕೇಳಿ ನೋಡಿ.

ಮೂರು ಕಾಲಂಗಳ ಪಟ್ಟಿ

ಮಾತುಕತೆಯ ನಡುವೆಯೇ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಮದುವೆಯ ವರ್ಷದಿಂದ ಕೊನೆಯವರೆಗೆ ತಿಂಗಳ ಲೆಕ್ಕದಲ್ಲಿ ಪಟ್ಟಿ ಶುರು ಮಾಡಿ. ಮೊದಲ ಕಾಲಂನಲ್ಲಿ ಅಪ್ಪ ಎಲ್ಲಿದ್ದರು, ಎರಡನೆಯದರಲ್ಲಿ ಅವ್ವ ಎಲ್ಲಿದ್ದರು, ಮೂರನೆಯದರಲ್ಲಿ ಅದು ಯಾವ ಆಧಾರದಿಂದ ಗೊತ್ತಾಯಿತು. ಮೂರನೆಯ ಕಾಲಂ ಬಿಟ್ಟರೆ ಆರು ತಿಂಗಳ ಮೇಲೆ ಅಣ್ಣ-ತಂಗಿಯರಲ್ಲಿ ವಾದ ಶುರುವಾದಾಗ ತೀರ್ಮಾನಕ್ಕೆ ದಾರಿಯೇ ಇರುವುದಿಲ್ಲ.

ಮೊದಲ ಕಾಲಂ ತುಂಬಲು ಡಿಸ್ಚಾರ್ಜ್ ಬುಕ್ ಸಾಕಾಗದೆ ಹೋದರೆ ರೆಕಾರ್ಡ್ಸ್ ಕಚೇರಿಗೆ ಬರೆಯಿರಿ. ಮದ್ರಾಸ್ ಎಂಜಿನಿಯರ್ ಗ್ರೂಪಿನ ರೆಕಾರ್ಡ್ಸ್ ಬೆಂಗಳೂರಿನಲ್ಲೇ ಇದೆ. (ಇದನ್ನು ಓದುವ ಬೇರೆ ಮನೆಯವರಿಗಾಗಿ: ಮರಾಠಾ ಲಘು ಪದಾತಿದಳದ್ದು ಬೆಳಗಾವಿಯಲ್ಲಿ, ತೋಪುಖಾನೆಯದ್ದು ನಾಸಿಕ್ ರೋಡ್ ಕ್ಯಾಂಪಿನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ, ಇ.ಎಂ.ಇ.ಯದ್ದು ಸಿಕಂದರಾಬಾದಿನಲ್ಲಿ, ವಾಯುಪಡೆಯದ್ದು ದೆಹಲಿಯಲ್ಲಿ ಇದೆ.) ಅರ್ಜಿಯಲ್ಲಿ ಆರ್ಮಿ ನಂಬರ್, ಹುದ್ದೆ, ಹೆಸರು, ನಿವೃತ್ತಿಯ ವರ್ಷ ಬರೆದು, ಇಬ್ಬರ ಮರಣ ಪ್ರಮಾಣಪತ್ರ, ನೀವು ಮಕ್ಕಳೆಂಬುದಕ್ಕೆ ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರದ ನಕಲು ಲಗತ್ತಿಸಿ. ಏನು ಬೇಕೆಂಬುದನ್ನು ಖಚಿತವಾಗಿ ಕೇಳಿ: ಪೋಸ್ಟಿಂಗ್‌ಗಳ ವಿವರ, ಮದುವೆ ಮತ್ತು ಮಕ್ಕಳ ಜನನವನ್ನು ಸೈನ್ಯ ದಾಖಲಿಸಿಕೊಂಡ ಪಾರ್ಟ್ ಟೂ ಆರ್ಡರ್‌ಗಳು, ಕಿಂಡ್ರೆಡ್ ರೋಲ್ (ಹತ್ತಿರದ ಬಂಧುಗಳ ಪಟ್ಟಿ). “ಎಲ್ಲ ದಾಖಲೆ ಕೊಡಿ” ಎಂದು ಬರೆದ ಅರ್ಜಿ ಸುಮ್ಮನೆ ಮೂಲೆ ಸೇರುತ್ತದೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲಿ ಭಾರತೀಯ ಸೇನೆಯನ್ನು ಆರಿಸಿ ಅರ್ಜಿ ಹಾಕಬಹುದು, 30 ದಿನಗಳೊಳಗೆ ಉತ್ತರ ಕೊಡಬೇಕೆಂದು ನಿಯಮ. ಬೇರೆಯವರ ಖಾಸಗಿ ಮಾಹಿತಿ ಎಂದು ತಿರಸ್ಕರಿಸುವ ಸಾಧ್ಯತೆ ಇರುವುದರಿಂದ ಮಕ್ಕಳೆಂಬ ಪುರಾವೆಯನ್ನು ಇಲ್ಲಿಯೂ ಲಗತ್ತಿಸಿ.

ಸೈನ್ಯದ ದಾಖಲೆಯಲ್ಲಿ ಅವ್ವನ ಹೆಸರು ನೀವು ಕರೆಯುತ್ತಿದ್ದ ಹೆಸರಿಗಿಂತ ಬೇರೆ ಇದ್ದರೆ ಗಾಬರಿಯಾಗಬೇಡಿ. ಬರೆದುಕೊಂಡ ಕ್ಲರ್ಕ್ ಕನ್ನಡದವನಲ್ಲದಿದ್ದರೆ ಬಸವ್ವ ಬಸಮ್ಮ ಆಗಿರುತ್ತಾಳೆ, ಇಲ್ಲವೇ ಹೆಸರಿನ ಮುಂದೆ ದೇವಿ ಸೇರಿರುತ್ತದೆ. ಜನ್ಮದಿನ ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸುವಾಗ ಮಾಸ್ತರು ಹಾಕಿದ ತಾರೀಕಿರಬಹುದು. ಪುಸ್ತಕದಲ್ಲಿ ಎರಡನ್ನೂ ಕೊಡಿ.

ಎರಡನೆಯ ಕಾಲಂಗೆ ಸೈನ್ಯದ ದಾಖಲೆಗಿಂತ ನಿಮ್ಮ ಶಾಲೆಯ ಟಿ.ಸಿ.ಗಳೇ ಒಳ್ಳೆಯ ಸಾಕ್ಷಿ. ಅಪ್ಪನ ಬದಲಿ ಯಾವ ತಿಂಗಳು ಆದರೂ ಅವ್ವ ಹೊರಟಿದ್ದು ಹೆಚ್ಚಾಗಿ ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿದ ಮೇಲೆಯೇ. ನಾಲ್ವರು ಮಕ್ಕಳ ಟಿ.ಸಿ., ಅಂಕಪಟ್ಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿದರೆ ಅವ್ವ ಎಷ್ಟು ಊರು ಬದಲಿಸಿದರು ಎಂಬ ನಕ್ಷೆ ತಾನಾಗಿ ಮೂಡುತ್ತದೆ. ಬದಲಿಯಾಗುವ ನೌಕರರ ಮಕ್ಕಳಿಗೆಂದೇ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಶುರುವಾದದ್ದು. ಅಲ್ಲಿಂದ ಊರಿನ ಕನ್ನಡ ಶಾಲೆಗೆ, ಮತ್ತೆ ಅಲ್ಲಿಗೆ ಹೋದ ಮಗುವಿಗೆ ಕನ್ನಡ ಅಕ್ಷರ ತಿದ್ದಿಸಿದ್ದು ಯಾರು ಎಂಬುದೂ ಬರೆಯಬೇಕಾದ ಸಂಗತಿ. ಮಿಲಿಟರಿ ಆಸ್ಪತ್ರೆಯಲ್ಲಿ ಹುಟ್ಟಿದವರ ಜನನ ನೋಂದಣಿ ಆ ಊರಿನ ಕಂಟೋನ್ಮೆಂಟ್ ಬೋರ್ಡಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಗ್ಯಾಸ್ ಸಂಪರ್ಕ ವರ್ಗಾಯಿಸಿದ ಚೀಟಿ, ರೇಷನ್ ಕಾರ್ಡ್ ರದ್ದು ಮಾಡಿಸಿದ ಚೀಟಿ ಸಿಕ್ಕರೆ ಎಸೆಯಬೇಡಿ, ಇವು ಮನೆ ಬಿಟ್ಟ ದಿನವನ್ನೇ ಹೇಳುತ್ತವೆ.

ಊರಲ್ಲಿದ್ದ ವರ್ಷಗಳಿಗೆ ಬೇರೆಯದೇ ಕಾಗದ ಬೇಕು. ಅವ್ವನ ಸಹಿ ಅಥವಾ ಹೆಬ್ಬೆಟ್ಟು ಇರುವುದು ಇವುಗಳಲ್ಲೇ: ಸೊಸೈಟಿಯ ಬೆಳೆಸಾಲದ ಪುಸ್ತಕ, ಅಂಚೆ ಉಳಿತಾಯದ ಪಾಸ್‌ಬುಕ್, ದಲಾಲಿ ಅಂಗಡಿಯ ಲೆಕ್ಕಪಟ್ಟಿ, ಉತಾರ (ಪಹಣಿ), ಮಾಜಿ ಸೈನಿಕರಿಗೆ ಜಮೀನು ಮಂಜೂರಾಗಿದ್ದರೆ ಅದರ ಸಾಗುವಳಿ ಚೀಟಿ. ಹೆಬ್ಬೆಟ್ಟು ಹೋಗಿ ಸಹಿ ಬಂದ ವರ್ಷ ಯಾವುದು ಎಂದು ಹುಡುಕಿ. ಓದು ಕಲಿತದ್ದು ಕ್ವಾರ್ಟರ್ಸಿನಲ್ಲೇ, ಊರಿನಲ್ಲೇ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗಬಹುದು.

ಒಂದು ಫೋಟೊವನ್ನು ಮರೆಯದೆ ಹುಡುಕಿ. ಪಿಂಚಣಿ ಕಾಗದ ತಯಾರಿಸುವಾಗ ಗಂಡ-ಹೆಂಡತಿಯ ಜಂಟಿ ಫೋಟೊ ತೆಗೆಸಿ ಅಧಿಕಾರಿಯಿಂದ ದೃಢೀಕರಿಸಿ ಇಡುತ್ತಾರೆ. 1992ರ ಆಸುಪಾಸಿನ ಆ ಫೋಟೊ, ನಡುವಯಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಕೂತ ಏಕೈಕ ಚಿತ್ರವಾಗಿರುವ ಮನೆಗಳು ಬಹಳ ಇವೆ. ಮನೆಯಲ್ಲಿರುವ ಪಿಂಚಣಿ ಕಾಗದಗಳ ಕಟ್ಟಿನಲ್ಲಿ ಮೊದಲು ನೋಡಿ, ಸಿಗದಿದ್ದರೆ ರೆಕಾರ್ಡ್ಸ್‌ಗೆ ಬರೆಯುವ ಅರ್ಜಿಯಲ್ಲೇ ಅದನ್ನೂ ಸೇರಿಸಿ.

ಅಪ್ಪನ ಪತ್ರದಲ್ಲಿ ಅವ್ವನ ಪತ್ರ

ಅವ್ವ ಬರೆದದ್ದು ಒಂದೂ ಇಲ್ಲ ಎಂದು ಬೇಸರಪಟ್ಟಿದ್ದೀರಿ. ಬಹುತೇಕ ಎಲ್ಲ ಸೈನಿಕರ ಮನೆಗಳ ಸ್ಥಿತಿಯೂ ಇದೇ. ಊರಿಗೆ ಬಂದ ಪತ್ರಗಳು ಟ್ರಂಕಿನಲ್ಲಿ, ಜಂತಿಯ ಸಂದಿಯಲ್ಲಿ ಉಳಿದವು. ಫೀಲ್ಡಿಗೆ ಹೋದ ಪತ್ರಗಳನ್ನು ಬಂಕರಿನಿಂದ ಬಂಕರಿಗೆ ಹೊತ್ತು ತಿರುಗಲು ಆಗದೆ ಓದಿ ಸುಟ್ಟವರೇ ಹೆಚ್ಚು. ಆದರೆ ಅವ್ವನ ಮಾತು ಪೂರ್ತಿ ಕಳೆದುಹೋಗಿಲ್ಲ, ಅಪ್ಪನ ಉತ್ತರಗಳ ಒಳಗಿದೆ. “ನೀನು ಬರೆದಂತೆ ಕರೀ ಎತ್ತನ್ನು ಮಾರುವುದು ಬೇಡ” ಎಂದು ಅಪ್ಪ ಬರೆದಿದ್ದರೆ, ಎತ್ತು ಮಾರುವ ಯೋಚನೆ ಅವ್ವನದಾಗಿತ್ತು. “ಸೊಸೈಟಿ ಸಾಲದ ವಿಷಯ ಅಣ್ಣನಿಗೆ ಹೇಳಬೇಡ” ಎಂದಿದ್ದರೆ ಆ ಸಾಲದ ವಿಷಯ ಮೊದಲು ಬರೆದದ್ದು ಅವ್ವ. ಪ್ರತಿ ಪತ್ರದಲ್ಲೂ ಅಪ್ಪ ಉತ್ತರಿಸುತ್ತಿರುವ ಪ್ರಶ್ನೆ ಯಾವುದಿರಬೇಕು ಎಂದು ಬೇರೆ ಹಾಳೆಯಲ್ಲಿ ಒಂದೊಂದು ಸಾಲು ಬರೆಯುತ್ತ ಹೋಗಿ. ಐವತ್ತು ಪತ್ರ ಮುಗಿಯುವಷ್ಟರಲ್ಲಿ ಅವ್ವನಿಗೆ ಯಾವ ಚಿಂತೆ ಇತ್ತು, ಯಾವುದರಲ್ಲಿ ಹಟ ಹಿಡಿದರು, ಯಾವುದನ್ನು ಬಿಟ್ಟುಕೊಟ್ಟರು ಎಂಬುದರ ಪಟ್ಟಿ ನಿಮ್ಮ ಮುಂದಿರುತ್ತದೆ. ನಮ್ಮ ಅನುಭವದಲ್ಲಿ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಭಾಗ ಇದು.

ಪತ್ರ ಯಾರ ಹೆಸರಿಗೆ ಬಂದಿದೆ ಎಂಬುದನ್ನೂ ಗುರುತಿಸಿ. ಮದುವೆಯಾದ ಹೊಸದರಲ್ಲಿ ಕೂಡು ಕುಟುಂಬದ ಜವಾನ ಹೆಂಡತಿಗೆ ನೇರವಾಗಿ ಬರೆಯುತ್ತಿದ್ದದ್ದು ಕಡಿಮೆ. ಪತ್ರ ತೀರ್ಥರೂಪ ತಂದೆಯವರಿಗೆ, ಮನಿಯಾರ್ಡರ್ ಕೂಡ ತಂದೆಯ ಹೆಸರಿಗೆ. ಹೆಂಡತಿಗೆ ಕೊನೆಯ ಸಾಲಿನಲ್ಲಿ “ಚಿ. ಸೌ.” ಎಂದು ಒಂದು ಆಶೀರ್ವಾದ. ಯಾವ ವರ್ಷದಿಂದ ಪತ್ರದ ಮೇಲೆ ಅವ್ವನ ಹೆಸರು ಬಂತು, ಯಾವ ವರ್ಷದಿಂದ ಸಂಬಳದಿಂದ ಕಡಿದು ಕಳಿಸುವ ಫ್ಯಾಮಿಲಿ ಅಲಾಟ್‌ಮೆಂಟ್ ಅವ್ವನ ಹೆಸರಿಗಾಯಿತು ಎಂಬುದನ್ನು ಮನಿಯಾರ್ಡರ್ ಕೂಪನ್‌ಗಳಲ್ಲಿ ನೋಡಿ. ಆ ಮನೆಯಲ್ಲಿ ಯಜಮಾನಿಕೆ ಕೈ ಬದಲಾದದ್ದು ಆ ವರ್ಷ. ಕೂಪನ್ನಿನ ಅಂಗೈಯಗಲದ ಜಾಗದಲ್ಲಿ ಬರೆದ ಎರಡು ಸಾಲನ್ನೂ ಪತ್ರದಷ್ಟೇ ಜೋಪಾನ ಮಾಡಿ.

ತಾರೀಕಿಲ್ಲದ ಪತ್ರಗಳ ಕಾಲ ಹಿಡಿಯಲು ಕೆಲವು ಗುರುತುಗಳಿವೆ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 15 ಆಗಸ್ಟ್ 1972ಕ್ಕಿಂತ ಈಚಿನದು. ಇಲ್ಲದಿದ್ದ ಮಾತ್ರಕ್ಕೆ ಹಿಂದಿನದೆಂದು ಹೇಳಲು ಬಾರದು, ಬಹಳ ಜನ ಎಷ್ಟೋ ವರ್ಷ ಪಿನ್ ಬರೆಯಲಿಲ್ಲ. ಮೈಸೂರು ರಾಜ್ಯ ಎಂದಿದ್ದರೆ 1 ನವೆಂಬರ್ 1973ಕ್ಕಿಂತ ಮುಂಚಿನದಾಗಿರುವ ಸಾಧ್ಯತೆ ಹೆಚ್ಚು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ನಿಮ್ಮ ಪತ್ರಗಳಲ್ಲೆಲ್ಲ ಧಾರವಾಡ ಜಿಲ್ಲೆ ಎಂದೇ ಇರುತ್ತದೆ. ಅಪ್ಪನ ವಿಳಾಸದಲ್ಲಿ 56 ಎ.ಪಿ.ಓ. (ಸೈನ್ಯದ ಅಂಚೆ ಕಚೇರಿ) ಇದ್ದರೆ ದೆಹಲಿಯ ಮೂಲಕ, 99 ಎ.ಪಿ.ಓ. ಇದ್ದರೆ ಕಲ್ಕತ್ತೆಯ ಮೂಲಕ ಟಪಾಲು ಹೋಗುತ್ತಿತ್ತು. ಅಂದರೆ ಎರಡನೆಯದು ಪೂರ್ವದ ಗಡಿಯ ಸುಳಿವು. ಊರಿನ ಹೆಸರು ಬರೆಯದಿರುವುದೇ ಈ ವ್ಯವಸ್ಥೆಯ ಉದ್ದೇಶ. ಅವರು ಎಲ್ಲಿದ್ದಾರೆಂದು ಹೆಂಡತಿಗೂ ಗೊತ್ತಿರುತ್ತಿರಲಿಲ್ಲ, ಇದನ್ನು ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ, ಇಂದಿನ ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ. ಮುದ್ರೆಯಲ್ಲಿ ಎಫ್.ಪಿ.ಓ. (ಫೀಲ್ಡ್ ಪೋಸ್ಟ್ ಆಫೀಸ್) ಎಂಬ ಅಕ್ಷರದ ಜೊತೆ ಒಂದು ಸಂಖ್ಯೆ, ತಾರೀಕು ಇರುತ್ತದೆ. ಮಿಲಿಟರಿ ಅಂಚೆ ಸಂಗ್ರಹಿಸುವ ಹವ್ಯಾಸಿಗಳು ಆ ಸಂಖ್ಯೆಯಿಂದ ಜಾಗ ಪತ್ತೆ ಮಾಡಿಕೊಡಬಲ್ಲರು.

1971ರ ಬಗ್ಗೆ ಒಂದು ಎಚ್ಚರಿಕೆ. ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ, ಆದರೆ ಅವ್ವನ ಪಾಲಿನ 1971 ಅಷ್ಟು ಸಣ್ಣದಲ್ಲ. ಸೈನ್ಯ ಗಡಿಗೆ ಸರಿಯತೊಡಗಿದ್ದು ತಿಂಗಳುಗಳ ಮೊದಲೇ. ಯುದ್ಧ ನಿಂತ ಮೇಲೂ ಸುರಂಗಬಾಂಬ್ ತೆಗೆಯುವ ಕೆಲಸ ಎಂಜಿನಿಯರ್ ದಳಗಳ ಪಾಲಿಗೆ ಇದ್ದೇ ಇರುತ್ತದೆ, ಅಪ್ಪ ಆ ಕೆಲಸದಲ್ಲಿದ್ದರೆ ರೇಡಿಯೊ ಗೆಲುವಿನ ಸುದ್ದಿ ಹೇಳಿದ ಮೇಲೂ ಅವ್ವನ ಭಯ ಮುಗಿದಿರಲಿಕ್ಕಿಲ್ಲ. ರಜೆ ರದ್ದಾದ ದಿನದಿಂದ ಅಪ್ಪ ಮತ್ತೆ ಹೊಸ್ತಿಲು ತುಳಿದ ದಿನದವರೆಗೆ ಲೆಕ್ಕ ಹಾಕಿ ಆ ಅಧ್ಯಾಯ ಬರೆಯಿರಿ. ಆ ತಿಂಗಳುಗಳಲ್ಲಿ ಯಾವ ಮಗು ಹೊಟ್ಟೆಯಲ್ಲಿತ್ತು, ಯಾವುದು ಮೊಲೆಹಾಲು ಕುಡಿಯುತ್ತಿತ್ತು ಎಂಬುದನ್ನು ನಿಮ್ಮ ಜನ್ಮದಿನಗಳೇ ಹೇಳುತ್ತವೆ.

ಕಾಗದ, ಫೋಟೊ, ಟ್ರಂಕು

ಇನ್‌ಲ್ಯಾಂಡ್ ಪತ್ರ ಹರಿಯುವುದು ಮಡಿಕೆಯಲ್ಲಿ. ಒಮ್ಮೆ ಬಿಡಿಸಿ, ಸ್ವಚ್ಛ ಬಿಳಿ ಹಾಳೆಗಳ ನಡುವೆ ಇಟ್ಟು ಮೇಲೆ ಭಾರವಾದ ಪುಸ್ತಕವಿಡಿ, ಮತ್ತೆ ಮಡಚಬೇಡಿ. ಅಂಟಿದ ಅಂಚನ್ನು ನೀರು ಹಚ್ಚಿ ಬಿಡಿಸಬಾರದು: ಶಾಯಿ ಪೆನ್ನಿನ ಬರಹ ಹರಡುತ್ತದೆ, ಆಗಿನ ಕಾಲದ ಕಾಪಿಯಿಂಗ್ ಪೆನ್ಸಿಲ್‌ನಿಂದ ಬರೆದದ್ದಾದರೆ ತೇವ ತಾಗಿದ ಕ್ಷಣ ನೇರಳೆಯಾಗಿ ಇಡೀ ಸಾಲು ಅಳಿಸುತ್ತದೆ. ಹರಿದಲ್ಲಿ ಸೆಲ್ಲೊ ಟೇಪ್ ಬೇಡ, ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಅದನ್ನು ತೆಗೆಯುವ ದಾರಿಯಿಲ್ಲ, ಪ್ರೀತಿಯಿಂದಲೇ ಕಾಗದ ಹಾಳು ಮಾಡಿಕೊಂಡ ಮನೆಗಳು ಲೆಕ್ಕವಿಲ್ಲದಷ್ಟಿವೆ.

ಪತ್ರಗಳನ್ನು 400 ಡಿ.ಪಿ.ಐ. ಬಣ್ಣದಲ್ಲಿ, ಫೋಟೊಗಳನ್ನು 600ರಲ್ಲಿ, ಪಾಸ್‌ಪೋರ್ಟ್ ಅಳತೆಯವನ್ನು 1200ರಲ್ಲಿ ಸ್ಕ್ಯಾನ್ ಮಾಡಿಸಿ, ಟಿಫ್ ರೂಪದಲ್ಲಿ ಉಳಿಸಿಕೊಳ್ಳಿ. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೊದ ಮುದ್ರೆ ಅಲ್ಲಿರುತ್ತದೆ, ಅದೇ ಊರಿನ ಸಾಕ್ಷಿ. ಪ್ಲಾಸ್ಟಿಕ್ ಹಾಳೆಯ ಅಂಟು ಆಲ್ಬಮ್ಮಿನಲ್ಲಿ ಕಚ್ಚಿಕೊಂಡ ಫೋಟೊ ಕೀಳದೆ, ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಕೆಳಗೆ ತೂರಿಸಿ ಮೆಲ್ಲಗೆ ಎಳೆಯಿರಿ. ಬರದಿದ್ದರೆ ಪುಟ ಸಮೇತ ಸ್ಕ್ಯಾನ್ ಮಾಡಿ ಬಿಟ್ಟುಬಿಡಿ. ಚೌಕಟ್ಟಿನ ಗಾಜಿಗೆ ಅಂಟಿದ್ದನ್ನೂ ಹಾಗೆಯೇ ಗಾಜಿನ ಮೇಲಿಂದಲೇ. ಹೆಸರು ಬರೆಯುವುದಾದರೆ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ. ಎಲ್ಲದರ ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿರುವ ತಮ್ಮನದೋ ತಂಗಿಯದೋ ಮನೆಯಲ್ಲಿ.

ಟ್ರಂಕಿಗೆ ಹೊಸ ಬಣ್ಣ ಹೊಡೆಸಬೇಡಿ. ಕರಿ ಟ್ರಂಕಿನ ಮೇಲೆ ನಂಬರ್, ಹೆಸರು, ಯುನಿಟ್ ಬಿಳಿ ಅಕ್ಷರದಲ್ಲಿ ಬರೆದಿರುತ್ತಾರೆ, ಬದಲಿಯಾದಾಗ ಕರಿ ಬಣ್ಣ ಬಳಿದು ಮತ್ತೆ ಬರೆಯುತ್ತಾರೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮುಚ್ಚಳದ ಅಂಚಿನಿಂದ ಓರೆಯಾಗಿ ಹಿಡಿದರೆ ಅಡಿಯ ಹಳೆಯ ಅಕ್ಷರಗಳು ಉಬ್ಬಿ ಕಾಣುತ್ತವೆ. ಹಾಗೇ ಫೋಟೊ ತೆಗೆಯಿರಿ. ಅದನ್ನು ತುಂಬಿ, ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ರೈಲಿಗೆ ಏರಿಸಿದ್ದು ಎಷ್ಟೋ ಸಲ ಅವ್ವ ಒಬ್ಬರೇ. ಪತ್ರಗಳನ್ನು ಮಾತ್ರ ಇನ್ನು ಅದರೊಳಗೆ ಇಡಬೇಡಿ. ಮಳೆಗಾಲದಲ್ಲಿ ತಗಡು ಬೆವರಿ ತುಕ್ಕು ಕಾಗದಕ್ಕೆ ಹತ್ತುತ್ತದೆ. ನುಸಿಗುಳಿಗೆ ಫೋಟೊಗಳ ಹತ್ತಿರ ಬೇಡ.

ಅಚ್ಚು ಹಾಕಿಸುವ ಮುನ್ನ

ಪತ್ರದ ಕಾಗದ ಪಡೆದವರ ಆಸ್ತಿ, ಆದರೆ ಅದನ್ನು ಪ್ರಕಟಿಸುವ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ನಾಲ್ವರೂ ಒಪ್ಪಿ ಒಂದು ಹಾಳೆಗೆ ಸಹಿ ಮಾಡಿಟ್ಟುಕೊಂಡರೆ ಅಪ್ಪನ ಪತ್ರಗಳನ್ನು ಬಳಸಲು ತೊಡಕಿಲ್ಲ. ಸೋದರಮಾವ, ಗೆಳೆಯರು ಬರೆದವಕ್ಕೆ ಅವರ ಮನೆಯವರನ್ನು ಕೇಳಬೇಕು. ಹಾಗೆಂದು ಇಡೀ ಪತ್ರಗಳನ್ನು ಹಾಕುವುದೂ ಬೇಡ. ಗಂಡ-ಹೆಂಡಿರ ಮಾತು ಅವರಿಬ್ಬರದು. ಸಾಲು ಆರಿಸುವಾಗ, ಅವ್ವ ಬದುಕಿದ್ದರೆ ಮನೆಗೆ ಬಂದವರ ಮುಂದೆ ಇದನ್ನು ಓದಲು ಬಿಡುತ್ತಿದ್ದರೇ ಎಂದು ಕೇಳಿಕೊಳ್ಳಿ. ಸತ್ತುಹುಟ್ಟಿದ ಮಗು, ಅಪ್ಪನ ಕುಡಿತ, ಅತ್ತೆಮನೆಯ ಜಗಳ ಇಂಥವು ಚಿಗವ್ವನ ಬಾಯಿಂದ ಬಂದಿದ್ದರೆ, ಮುದ್ರಣಕ್ಕೆ ಕೊಡುವ ಮುನ್ನ ಆ ಭಾಗವನ್ನು ಅವರಿಗೇ ಓದಿ ಹೇಳಿ ಒಪ್ಪಿಗೆ ಕೇಳಿ. ಕಷ್ಟದ ಸಂಗತಿ ಎಂಬ ಕಾರಣಕ್ಕೇ ಬಿಡಬೇಡಿ. ಸತ್ತ ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರು ಪುಸ್ತಕದಲ್ಲಿ ಇರಲಿ. ಆರ್ಮಿ ನಂಬರ್, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕ್ ಖಾತೆ, ಆಧಾರ್ ಕಾಣುವ ಯಾವ ಕಾಗದವನ್ನೂ ಹಾಗೆಯೇ ಅಚ್ಚು ಹಾಕಬಾರದು, ಅಂಕಿಗಳನ್ನು ಮುಚ್ಚಿ.

ಅಧ್ಯಾಯಗಳನ್ನು ಅಪ್ಪನ ಬಡ್ತಿಗಳ ಪ್ರಕಾರ ಮಾಡದೆ ಅವ್ವ ಒಲೆ ಹೂಡಿದ ಮನೆಗಳ ಪ್ರಕಾರ ಮಾಡಿ: ತವರುಮನೆ, ಅತ್ತೆಮನೆ, ಮೊದಲ ಕ್ವಾರ್ಟರ್ಸ್, ಮತ್ತೆ ಊರು, ಎರಡನೇ ಕ್ವಾರ್ಟರ್ಸ್, ನಿವೃತ್ತಿಯ ಮನೆ, ಒಬ್ಬರೇ ಉಳಿದ ವರ್ಷಗಳು. ಒಂದೊಂದಕ್ಕೂ ನೀರು ಎಲ್ಲಿಂದ, ಉರುವಲು ಯಾವುದು, ಪಕ್ಕದಲ್ಲಿ ಯಾರು, ಆ ಮನೆಯಲ್ಲಿ ಹುಟ್ಟಿದವರು ಯಾರು, ಅಲ್ಲಿ ಅವ್ವ ತೆಗೆದುಕೊಂಡ ಒಂದು ದೊಡ್ಡ ತೀರ್ಮಾನ ಯಾವುದು ಎಂದು ಮೊದಲು ಟಿಪ್ಪಣಿ ಮಾಡಿಕೊಂಡು ಆಮೇಲೆ ಬರೆಯಿರಿ. ತ್ಯಾಗಮಯಿ, ಸಹನಾಮೂರ್ತಿ, ವೀರಮಾತೆ ಎಂಬ ಮಾತುಗಳು ಬಂದಲ್ಲೆಲ್ಲ ಅಡಿಗೆರೆ ಎಳೆದು, ಅದರ ಜಾಗದಲ್ಲಿ ಅವ್ವ ಮಾಡಿದ ಒಂದು ಕೆಲಸವನ್ನು ಹಾಕಿ. ಯಾವ ಕೆಲಸವೂ ನೆನಪಾಗದಿದ್ದರೆ ಆ ಸಾಲು ತೆಗೆದುಬಿಡಿ. ಅಪ್ಪ ತೀರಿದ ಮೇಲಿನ ವರ್ಷಗಳನ್ನು ಎರಡು ಪುಟದಲ್ಲಿ ಮುಗಿಸುವುದು ಎಲ್ಲ ಮಕ್ಕಳೂ ಮಾಡುವ ತಪ್ಪು. ಕುಟುಂಬ ಪಿಂಚಣಿಗೆ ಓಡಾಡಿದ್ದು, ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋದದ್ದು, ಕ್ಯಾಂಟೀನ್ ಕಾರ್ಡ್ ಹಿಡಿದು ಸೊಸೆಗೆ ಪಾತ್ರೆ ತಂದದ್ದು, ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ತನಗಿಂತ ಚಿಕ್ಕ ವಿಧವೆಯರಿಗೆ ಅರ್ಜಿ ತುಂಬಲು ದಾರಿ ತೋರಿದ್ದು, ಇವೆಲ್ಲ ಆ ವರ್ಷಗಳವೇ.

ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವಂತಿರಲಿ, ಪಿನ್ ಹೊಡೆಯುವ ಪುಸ್ತಿಕೆಗೆ 64 ಪುಟದೊಳಗೆ ಮುಗಿಸಿದರೆ ಚೆಂದ. 80 ಜಿ.ಎಸ್.ಎಂ. (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ ಕಾಗದ ಬರಹಕ್ಕೆ, ಫೋಟೊ ಪುಟಗಳಿಗೆ 130ರ ಆರ್ಟ್ ಪೇಪರ್. ನೀವು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಟೈಪ್ ಮಾಡುವುದು ಯೂನಿಕೋಡಿನಲ್ಲಿ, ತಾಲ್ಲೂಕಿನ ಎಷ್ಟೋ ಮುದ್ರಣಾಲಯಗಳು ಇನ್ನೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಪುಟ ಕಟ್ಟುತ್ತವೆ. ಪರಿವರ್ತನೆಯಾಗುವಾಗ ಅರ್ಕಾವೊತ್ತು, ಎರಡು ಒತ್ತಕ್ಷರ ಕೂಡಿದ ಜಾಗ, ಇಂಗ್ಲಿಷ್ ಮೂಲದ ಪದಗಳ ಅರ್ಧಾಕ್ಷರ ಎಡವುತ್ತವೆ. ಸುಬೇದಾರ್, ಕ್ವಾರ್ಟರ್ಸ್, ರೆಕಾರ್ಡ್ಸ್ ತುಂಬಿದ ನಿಮ್ಮ ಪುಸ್ತಕದಲ್ಲಿ ಇದು ಪುಟಕ್ಕೊಂದು ಸಲ ಬರುತ್ತದೆ. ಆದ್ದರಿಂದ ಕರಡು ತಿದ್ದುವ ಕೆಲಸವನ್ನು ಪುಟ ಕಟ್ಟಿದ ಮೇಲೆ, ಕಾಗದದ ಮೇಲೆ ಮುದ್ರಿಸಿಕೊಂಡು ಮಾಡಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲ ನೋಡುತ್ತಿರಲಿ. ಹೆಸರು ಮತ್ತು ತಾರೀಕುಗಳನ್ನು ಮೂರು ಕಾಲಂಗಳ ಪಟ್ಟಿಯೊಂದಿಗೆ ಬೇರೆಯಾಗಿ ಇನ್ನೊಮ್ಮೆ ತಾಳೆ ನೋಡಿ. ಹಂಚಿ ಉಳಿದ ಪ್ರತಿಗಳಲ್ಲಿ ಒಂದನ್ನು ನಿಮ್ಮೂರಿನ ಗ್ರಂಥಾಲಯಕ್ಕೆ, ಒಂದನ್ನು ಬೆಂಗಳೂರಿನಲ್ಲಿರುವ, ಅಪ್ಪನ ಗ್ರೂಪಿನದೇ ಆದ ಮದ್ರಾಸ್ ಸ್ಯಾಪರ್ಸ್ ಮ್ಯೂಸಿಯಂಗೆ ಕಳಿಸಿಕೊಡಿ, ಜೊತೆಗೆ ಅವ್ವ ಯಾವ ಯಾವ ಕ್ವಾರ್ಟರ್ಸಿನಲ್ಲಿ ಯಾವ ವರ್ಷ ಇದ್ದರು ಎಂಬ ಒಂದು ಪುಟದ ಪಟ್ಟಿ ಇರಲಿ.